ತಂಗಿಯ ಟೊಂಕದ ಮೇಲಿಟ್ಟ ಕಾಲು

ನನ್ನ ತಂಗಿಯ ಟೊಂಕದ ಮೇಲೆ ನಾನು ಕಾಲಿಟ್ಟಾಗ ಅಡಿಯಲ್ಲಿ ಏನೋ ಬಡಿದುಕೊಂಡಿತು. ಮುಷ್ಟಿಯಲ್ಲಿ ಹಿಡಿದ ಕೋಳಿಮರಿಯ ಎದೆ ಹೇಗೆ ಬಡಿದುಕೊಳ್ಳುತ್ತದೋ ಹಾಗೆ. ಅಂಗಾಲಿಗೆ ಅದು ಚೆನ್ನಾಗಿ ತಿಳಿಯಿತು. ಹುಡುಗನಾಗಿದ್ದಾಗಿನಿಂದ ಎಷ್ಟೋ ಮಂದಿಯ ಟೊಂಕ ಮೆಟ್ಟಿದ್ದೇನೆ. ಯಾರ ಮೈಯೂ ನನ್ನ ಕಾಲಿಗೆ ಹೀಗೆ ತಿರುಗಿ ಬಡಿದಿರಲಿಲ್ಲ. ಆ ಕ್ಷಣವೇ ಕಾಲು ತೆಗೆಯಬೇಕಿತ್ತು. ತೆಗೆಯಲಿಲ್ಲ. ಹಿಮ್ಮಡ ಊರಿ ಇನ್ನಷ್ಟು ಒತ್ತಿದೆ.

ಮಂದಿಯ ಟೊಂಕ ಮೆಟ್ಟುವುದೇನು ಎಂದು ದೂರದವರು ಕೇಳಬಹುದು. ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಗೆ ಬಂತಂತೆ. ಹಾಗೆ ಹುಟ್ಟಿದವರನ್ನು ಮರಾಠಿಯವರು ಪಾಯಾಳು ಅನ್ನುತ್ತಾರೆ. ನಮ್ಮ ಕುಂಭಾರಿಯಲ್ಲಿ ಕನ್ನಡ ಮಾತಾಡುವವರೂ ಅದನ್ನೇ ಅನ್ನುತ್ತಾರೆ. ಪಾಯಾಳು ತನ್ನ ಕಾಲಿನಿಂದ ಮೆಟ್ಟಿದರೆ ಟೊಂಕದ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲೆಲ್ಲ ಇದೆ. ಸೋಲಾಪುರದಿಂದ, ಅಕ್ಕಲಕೋಟದ ಹಳ್ಳಿಗಳಿಂದ, ಕರ್ನಾಟಕದ ಗಡಿಯ ಆಚೆಯಿಂದ ಕೂಡ ರವಿವಾರ ಬೆಳಗ್ಗೆ ಜನ ಬರುತ್ತಿದ್ದರು. ನಾವು ಕುರಿ ಸಾಕುವ ಮಂದಿ, ಮನೆದೇವರು ಬೀರೋಬಾ. ದೇವರ ಮುಂದೆ ಹಾಸುವ ಕರಿಕಂಬಳಿಯನ್ನೇ ಅಂಗಳದಲ್ಲಿ ಹಾಸಿ, ಬಂದವರನ್ನು ಪೂರ್ವಕ್ಕೆ ತಲೆ ಮಾಡಿ ಬೋರಲು ಮಲಗಿಸಿ, ಎಡಗಾಲಿನಿಂದ ಮೇಲಿನಿಂದ ಕೆಳಗೆ ನೀವುತ್ತಿದ್ದೆ. ದುಡ್ಡು ಮುಟ್ಟುತ್ತಿರಲಿಲ್ಲ. ಅದೂ ನನ್ನ ಹೆಮ್ಮೆಯ ಒಂದು ಭಾಗವೇ ಆಗಿತ್ತು.

ಇದಕ್ಕೊಂದು ರೂಢಿ ಇತ್ತು. ಮೆಟ್ಟಿಸಿಕೊಂಡವರು ಎದ್ದು ಸೀದಾ ಹೋಗಬೇಕು. ತಿರುಗಿ ನೋಡಬಾರದು. ಮನೆ ಮುಟ್ಟುವ ತನಕ ಯಾರೊಂದಿಗೂ ಮಾತಾಡಬಾರದು. ನಾವು ಅವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಉಳುಕು ತಿರುಗಿ ಬರುತ್ತದೆ. ಈ ರೂಢಿಯನ್ನು ಯಾರು ಮಾಡಿದರೋ ಗೊತ್ತಿಲ್ಲ. ನನಗೆ ನನ್ನ ಅವ್ವ ಹೇಳಿದ್ದಳು. ನಾನು ಬಂದವರಿಗೆಲ್ಲ ಹೇಳುತ್ತಿದ್ದೆ.

ನಾನು ಓದದವನಲ್ಲ. ಕನ್ನಡ ಶಾಲೆಯಲ್ಲಿ ಹತ್ತನೇ ಇಯತ್ತೆ ಪಾಸಾದವನು. ಸೋಲಾಪುರದ ಒಂದು ಚಾದರ ಕಾರ್ಖಾನೆಯಲ್ಲಿ ಮಾಲು ಕಟ್ಟುವ ಕೆಲಸ ಮಾಡಿ ಮುದುಕನಾದೆ. ಶಾಲೆಯಲ್ಲಿ ಹೃದಯದ ಚಿತ್ರ ತೆಗೆದು, ಕೆಂಪು ನೀಲಿ ಬಣ್ಣ ತುಂಬಿ, ಮಾಸ್ತರರಿಂದ ಶಾಬಾಸ್ ಅನ್ನಿಸಿಕೊಂಡಿದ್ದೆ. ಮೈಯಲ್ಲಿ ಎಲ್ಲಿ ಬಡಿತ ಇದೆಯೋ ಅಲ್ಲಿ ರಕ್ತ ಓಡುತ್ತಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಒತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಂಗಿಯನ್ನು ಅಕ್ಕಲಕೋಟದ ಆಚೆಯ ತಡವಳಕ್ಕೆ ಕೊಟ್ಟಿದೆ. ಗಂಡ ಹೆಂಡತಿ ಹೊಲ ಮಾಡಿಕೊಂಡು, ಒಂದಿಷ್ಟು ಕುರಿ ಸಾಕಿಕೊಂಡು ಚೆನ್ನಾಗಿಯೇ ಇದ್ದರು. ನನಗಿಂತ ಬಹಳ ಚಿಕ್ಕವಳು. ಆದರೂ ಮೊಮ್ಮಕ್ಕಳನ್ನು ಕಂಡವಳು. ಬಾಯಿ ಜೋರು. ಒಂದು ವರ್ಷದಿಂದ ಅವಳು ಕೂಡುವಾಗ ಎಡಗಡೆ ಭಾರ ಹಾಕುತ್ತಿರಲಿಲ್ಲ. ರೊಟ್ಟಿ ಬಡಿಯುವಾಗಲೂ ಬಲಕ್ಕೆ ವಾಲಿ ಕೂಡುತ್ತಿದ್ದಳು. ಹೊಲದ ಬದುವಿನ ಮೇಲೆ ಕೂತರೆ ಎಡಗಾಲಿಗೆ ಇರುವೆ ಹರಿದಂತಾಗುತ್ತದೆ, ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ ಅನ್ನುತ್ತಿದ್ದಳು. ನಾವೆಲ್ಲ ನಕ್ಕಿದ್ದೆವು. ನನ್ನ ಹೆಂಡತಿಯಂತೂ ಬಿಡುತ್ತಲೇ ಇರಲಿಲ್ಲ.

"ನೋಡ್ರಿ, ನಿಮ್ಮ ತಂಗಿ ರಾಣಿ ಹಂಗ ಒಂದ ಕುಂಡಿ ಮ್ಯಾಲ ಕುಂದರ್ತಾಳ."

"ಅರ್ಧಾ ಕುಂಡಿ ನಿಮ್ಮನಿಗಿ ಬಿಟ್ಟೀನಿ ವೈನಿ, ನೀವ ಇಟಗೋರಿ," ಎಂದು ತಂಗಿ ಉತ್ತರ ಕೊಡುತ್ತಿದ್ದಳು.

ಅವಳ ಗಂಡನದು ಮಾತು ಕಡಿಮೆ. ಸೋಲಾಪುರಕ್ಕೆ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸೋಣ ಎಂದು ಆತ ಎಷ್ಟೋ ಸಲ ಹೇಳಿದ್ದನಂತೆ. ಇವಳು ಕೇಳಲಿಲ್ಲ. "ನಮ್ಮಣ್ಣನ ಕಾಲು ಇರೂತನಾ ನನಗ್ಯಾಕ ದವಾಖಾನಿ?" ಅಂದಳಂತೆ. ಊರ ಮಂದಿಯ ಮುಂದೆಲ್ಲ ಅದನ್ನೇ ಹೇಳಿಕೊಂಡು ತಿರುಗಾಡಿದ್ದಳು. ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಕೇಳಿ ಖುಷಿಪಟ್ಟಿದ್ದೆ.

ಜೋಳ ಮೊಣಕಾಲೆತ್ತರ ಬಂದಿದ್ದ ದಿನಗಳು. ಶನಿವಾರ ಸಂಜೆ ಬಸ್ಸಿಗೆ ಬಂದು ನಮ್ಮಲ್ಲಿ ಮಲಗಿದಳು. ರವಿವಾರ ಸೂರ್ಯ ಹುಟ್ಟುವ ಹೊತ್ತಿಗೆ ಅಂಗಳದಲ್ಲಿ ಬೇರೆ ಊರಿನವರೂ ಬಂದು ಕೂತಿದ್ದರು. ತಂಗಿ ಕಂಬಳಿಯ ಮೇಲೆ ಬೋರಲು ಮಲಗಿ, ಮುಖ ಪಕ್ಕಕ್ಕೆ ತಿರುವಿ, "ಹಗೂರಕ ಅಣ್ಣಾ, ನಾ ಏನ್ ನಿನ್ನ ಕಾರ್ಖಾನಿ ಗಂಟಲ್ಲ," ಅಂದಳು. ಕೂತವರು ನಕ್ಕರು.

ಮೊದಲ ಸಲ ನೀವಿದಾಗಲೇ ಕೂಡುವ ಜಾಗದ ಎಡಗಡೆ, ಸೀರೆಯ ಕೆಳಗೆ, ನಿಂಬೆಹಣ್ಣಿಗಿಂತ ದೊಡ್ಡದಾದ ಒಂದು ಮೆತ್ತನೆಯ ಗಂಟು ಸಿಕ್ಕಿತು. ಬಡಿದುಕೊಂಡದ್ದು ಅದೇ. ನನಗೆ ಭಯವಾಯಿತು. ಇದು ಸುಳ್ಳಲ್ಲ. ಆದರೆ ಕೂತವರೆಲ್ಲ ನನ್ನ ಮುಖ ನೋಡುತ್ತಿದ್ದರು. ಅವರಲ್ಲೊಬ್ಬ, "ಏನ್ರಿ, ಸಿಕ್ತೇನ್ರಿ?" ಎಂದು ಕೇಳಿದ. ನಾನು, "ಸಿಕ್ತು. ಹಿಡದದ್ದು ಇಲ್ಲೇ ಐತಿ, ಕುಣ್ಯಾಕತ್ತೈತಿ," ಅಂದೆ. ನಾನು ಹಾಗೆ ಅಂದಮೇಲೆ ನನಗೂ ಅದು ಹಾಗೆಯೇ ಅನ್ನಿಸತೊಡಗಿತು. ಉಳುಕೇ ನನ್ನ ಕಾಲಿಗೆ ಹೆದರಿ ಒದ್ದಾಡುತ್ತಿದೆ ಎಂದುಕೊಂಡೆ. ಹಿಮ್ಮಡವನ್ನು ಆ ಗಂಟಿನ ಮೇಲೆ ಊರಿ, ಮೈಭಾರ ಬಿಟ್ಟು ಕೆಳಗೆ ಜಾರಿಸಿದೆ.

ತಂಗಿ "ಯವ್ವಾ" ಎಂದು ಒಂದೇ ಸಲ ಕೂಗಿದಳು. ಆಮೇಲೆ ಹಲ್ಲು ಕಚ್ಚಿ ಸುಮ್ಮನಾದಳು. ಮಾತಾಡಬಾರದಲ್ಲ.

ಎದ್ದಳು. ಗೋಡೆ ಹಿಡಿದು ಒಂದು ಕ್ಷಣ ನಿಂತಳು. ಕಟ್ಟೆಯ ಕೆಳಗೆ ಬಿಟ್ಟಿದ್ದ ಚಪ್ಪಲಿಯಲ್ಲಿ ಕಾಲು ತೂರಿಸಿ, ಕೈಚೀಲ ತೆಗೆದುಕೊಂಡು, ಬಸ್ಸಿನ ರಸ್ತೆಯ ಕಡೆ ನಡೆದಳು. ಅಂಗಳ ದಾಟುವ ಮೊದಲೇ ಎಡಗಾಲಿನ ಚಪ್ಪಲಿ ಕಳಚಿ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಕಲ್ಲು ಮುಳ್ಳು ನೋಡದೆ ನಡೆದೇ ಹೋದಳು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ರೀ, ಆಕಿ ಚಪ್ಪಲಿ ಇಲ್ಲೇ ಬಿಟ್ಟು ಹೊಂಟಾಳಲ್ರಿ. ಕರೀರಿ."

"ಕರಿಬಾರದು," ಅಂದೆ.

"ಬರಿಗಾಲಲೆ ಹೊಂಟಾಳ್ರಿ. ಅದೂ ತಿಳಿವಲ್ದು ಆಕಿಗಿ."

"ಹಿಂದಿಂದ ಕರಿಬಾರದು ಅಂತ ನಿನಗ ಗೊತ್ತಿಲ್ಲೇನು? ಮಂದಿ ಕುಂತಾರ."

ಹೆಂಡತಿ ಕೂಗಲು ಬಾಯಿ ತೆರೆದಳು. ನಾನು ಕಣ್ಣು ಬಿಟ್ಟು ತಡೆದೆ. ಅವಳು ಚಪ್ಪಲಿ ಎತ್ತಿ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ನಾನು ಮುಂದಿನವನನ್ನು ಕಂಬಳಿಯ ಮೇಲೆ ಮಲಗಿಸಿದೆ.

ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರೆ ತಂಗಿ ಬಾಯಿ ಬಿಡದೆ ಕೈಸನ್ನೆ ಮಾಡಿ ಅಕ್ಕಲಕೋಟಕ್ಕೆ ಟಿಕೀಟು ತೆಗೆಸಿದಳಂತೆ. ಮೂಕಿ ಇರಬೇಕೆಂದು ಪಕ್ಕದ ಹೆಂಗಸು ಮರುಗಿ ಕಿಟಕಿಯ ಜಾಗ ಬಿಟ್ಟುಕೊಟ್ಟಳಂತೆ. ಇದನ್ನು ತಂಗಿ ಆಮೇಲೆ ನಗುತ್ತಲೇ ಹೇಳಿದಳು. ಬಸ್ಸಿನಲ್ಲಿ ಕೂತಾಗಲೇ ಅವಳ ಕಾಲು ಮೊಣಕಾಲ ಕೆಳಗೆ ಮರದ ತುಂಡಾಗಿತ್ತು. ಬಾಯಿಬಿಟ್ಟು ಯಾರಿಗಾದರೂ ಹೇಳಬಹುದಿತ್ತು. ನನ್ನ ರೂಢಿಯನ್ನು ಪಾಲಿಸಿದಳು.

ಮಧ್ಯಾಹ್ನ ಅವಳ ಗಂಡನ ಫೋನು ಬಂತು. "ಭಾವಾರ, ಈಕಿ ಎಡಗಾಲು ತಣ್ಣಗಾಗೈತ್ರಿ. ನೀರಾಗಿಟ್ಟಂಗ. ಮುಟ್ಟಿದ್ರ ತಿಳಿಯೂದಿಲ್ಲ ಅಂತಾಳ."

ಉಣ್ಣುತ್ತ ಕೂತಿದ್ದೆ. "ಉಳುಕು ಬಿಡುವಾಗ ಹಂಗ ಆಗ್ತೈತಿ. ಇಟಗಿ ಕಾಸಿ ಬಟ್ಯಾಗ ಸುತ್ತಿ ಶಾಖಾ ಕೊಡ್ರಿ," ಅಂದೆ. ಅಂದು, ಮಜ್ಜಿಗೆ ಕುಡಿದೆ. ಕಟ್ಟೆಯ ಮೇಲಿನ ಚಪ್ಪಲಿ ಕೂತಲ್ಲಿಂದ ಕಾಣುತ್ತಿತ್ತು. ಎದ್ದು ಹೋಗಿ ಅದನ್ನು ಬಾಗಿಲ ಹಿಂದೆ ಸರಿಸಿ ಬಂದೆ.

ಎರಡನೇ ಫೋನಿನಲ್ಲಿ ಆತ "ಭಾವಾರ" ಅನ್ನಲಿಲ್ಲ. "ಬೆರಳು ಬದನಿಕಾಯಿ ಬಣ್ಣ ಆಗ್ಯಾವ. ಅಕ್ಕಲಕೋಟಕ್ಕ ಕರಕೊಂಡು ಹೊಂಟೀನಿ. ಬರ್ತೀರಿ ಅಂದ್ರ ಬರ್ರಿ," ಎಂದು ಇಟ್ಟ. ಹೊರಡುವಾಗ ಹೆಂಡತಿ ಚಪ್ಪಲಿಯನ್ನು ಹಳೆಯ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು.

ಅಕ್ಕಲಕೋಟದ ಡಾಕ್ಟರು ವಯಸ್ಸಾದವರು. ತಂಗಿಯ ಪಾದ ನೋಡಿದರು. ಇಟ್ಟಿಗೆಯ ಶಾಖಕ್ಕೆ ಹಿಮ್ಮಡದ ಪಕ್ಕ ಬೊಬ್ಬೆ ಎದ್ದಿತ್ತು. ಸುಟ್ಟದ್ದು ಅವಳಿಗೆ ತಿಳಿದಿರಲಿಲ್ಲ. ಅಂಗಾಲಿನಲ್ಲಿ ಕಲ್ಲು ಸೀಳಿದ ಗಾಯವಿತ್ತು, ಅದೂ ತಿಳಿದಿರಲಿಲ್ಲ. ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಸಿಗಲಿಲ್ಲ. ತೊಡೆಯ ಸಂದಿನಲ್ಲಿ ನೋಡಿದರು. ಮುಖ ಗಂಟಿಕ್ಕಿದರು. ಮೊಣಕಾಲ ಹಿಂದೆ ಬೆರಳಿಟ್ಟು ಬಹಳ ಹೊತ್ತು ಹಿಡಿದರು.

"ಮ್ಯಾಲ ನಾಡಿ ಸಣ್ಣಗೈತಿ, ಮೊಣಕಾಲ ಹಿಂದ ಜೋರೈತಿ. ಎಲ್ಲಾ ಉಲ್ಟಾ ಐತಲ್ಲ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ತಂಗಿಯ ಕಡೆ ತಿರುಗಿ, "ಯಾರರೆ ತಿಕ್ಕ್ಯಾರೇನವ್ವಾ? ಒತ್ಯಾರೇನು?" ಎಂದು ಕೇಳಿದರು.

ಅವಳ ಗಂಡ ಹೊರಗೆ ಚೀಟಿ ಮಾಡಿಸುತ್ತಿದ್ದ. ತಂಗಿ ನನ್ನ ಕಡೆ ನೋಡಲಿಲ್ಲ. "ಇಲ್ರೀ ಸಾಹೇಬ್ರ. ಯಾರೂ ಇಲ್ಲ," ಅಂದಳು.

ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅವಳು ನನ್ನ ಮಾನ ಕಾಯುತ್ತಿದ್ದಳು. ನಾನು ಕಾಯಿಸಿಕೊಂಡೆ.

ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, "ಒಂದು ಗಳಿಗಿ ನಿಲ್ಲಬ್ಯಾಡ್ರಿ, ಸೋಲಾಪುರಕ್ಕ ಹೊಡ್ರಿ. ಕಾಲಿಗಿ ರಕ್ತ ನಿಂತೈತಿ," ಅಂದರು. ಯಾವ ಆಸ್ಪತ್ರೆಗೆ ಹೋಗಬೇಕೆಂದು ಹೇಳಿ ತಾವೇ ಫೋನು ಮಾಡಿದರು. ಜೀಪಿನ ಹಿಂದಿನ ಸೀಟಿನಲ್ಲಿ ತಂಗಿಯನ್ನು ಮಲಗಿಸಿ, ತಲೆಯನ್ನು ಗಂಡ ತೊಡೆಯ ಮೇಲಿಟ್ಟುಕೊಂಡ. ನಾನು ಮುಂದೆ ಕೂತೆ.

ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೋಗುವ ರಸ್ತೆ ನಮ್ಮ ಊರನ್ನು ದಾಟಿಯೇ ಹೋಗಬೇಕು. ಕುಂಭಾರಿ ಬಂದಾಗ ತಂಗಿ ಕಣ್ಣು ತೆರೆಯದೆಯೇ, "ಅಣ್ಣಾ, ನಿಮ್ಮೂರು ಬಂತಲ್ಲ. ಇಳೀತಿಯೇನು?" ಅಂದಳು. ನೋವಿನಲ್ಲೂ ಚೇಷ್ಟೆ. ಊರು ಹಿಂದೆ ಸರಿಯಿತು. ಬೆಳಗ್ಗೆ ಇದೇ ರಸ್ತೆಯ ಬದಿಯಲ್ಲಿ ಅವಳು ಒಂದು ಚಪ್ಪಲಿಯಲ್ಲಿ ನಿಂತು ಬಸ್ಸು ಕಾದಿದ್ದಳು. ಒಂದು ಕೂಗು ಕೂಗಿದ್ದರೆ ಇದೇ ದಾರಿಯಲ್ಲಿ ಬೆಳಗ್ಗೆಯೇ ಸೋಲಾಪುರಕ್ಕೆ ಹೋಗಬಹುದಿತ್ತು. ಹತ್ತಿರದ ದಾರಿ. ನಾನು ಕೆಲಸಕ್ಕೆಂದು ಇಡೀ ಜೀವಮಾನ ಓಡಾಡಿದ ದಾರಿ.

ಸೋಲಾಪುರ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ರಕ್ತನಾಳದ ಡಾಕ್ಟರು ಪುಣೆಯವರು. ವಾರದಲ್ಲಿ ಎರಡು ದಿನ ಮಾತ್ರ ಸೋಲಾಪುರದಲ್ಲಿ ಇರುವವರು. ನಮ್ಮ ಪುಣ್ಯಕ್ಕೆ ಅವತ್ತು ಇದ್ದರು. ಪ್ರಾಯದವರು, ಮರಾಠಿಯಲ್ಲಿ ಮಾತಾಡುತ್ತಿದ್ದರು. ತಂಗಿಯನ್ನು ಯಂತ್ರದೊಳಗೆ ಮಲಗಿಸಿ ಔಷಧ ಬಿಟ್ಟು ಚಿತ್ರ ತೆಗೆದರು. ಚಿತ್ರ ನೋಡಿ, ಜೊತೆಗಿದ್ದ ಡಾಕ್ಟರನ್ನೂ ಕರೆದು ತೋರಿಸಿದರು. ಆಮೇಲೆ ನಮ್ಮಿಬ್ಬರನ್ನು ಒಳಗೆ ಕರೆದರು.

"ಕಾಕಾ, ನೋಡಿ," ಎಂದು ಪರದೆಯ ಮೇಲೆ ಬೆರಳಿಟ್ಟರು. "ಇದು ಇವರ ಬಲಗಾಲು. ಎಲ್ಲರಿಗೂ ಹೀಗೇ ಇರುತ್ತದೆ. ರಕ್ತದ ದೊಡ್ಡ ನಾಳ ಹೊಟ್ಟೆಯಿಂದ ತೊಡೆಯ ಮುಂಭಾಗಕ್ಕೆ ಬಂದು ಕೆಳಗೆ ಇಳಿಯುತ್ತದೆ. ಈಗ ಎಡಗಾಲು ನೋಡಿ."

ಎಡಗಾಲಿನಲ್ಲಿ ಮುಂದಿನ ನಾಳ ತೊಡೆಯ ನಡುವೆಯೇ ಸಣ್ಣಗಾಗಿ ಮುಗಿದಿತ್ತು. ಇನ್ನೊಂದು ದಪ್ಪ ನಾಳ ಹಿಂದಿನಿಂದ, ನಾವು ಕೂಡುವ ಜಾಗದಿಂದ ಹೊರಟು, ತೊಡೆಯ ಹಿಂದೆ ಇಳಿದು ಮೊಣಕಾಲಿಗೆ ಸೇರಿತ್ತು.

"ತಾಯಿಯ ಹೊಟ್ಟೆಯಲ್ಲಿ ಎಲ್ಲ ಮಕ್ಕಳಿಗೂ ಮೊದಲು ಈ ಹಿಂದಿನ ನಾಳವೇ ಕಾಲಿಗೆ ರಕ್ತ ಕೊಡುತ್ತದೆ. ಹುಟ್ಟುವ ಎಷ್ಟೋ ಮೊದಲೇ ಅದು ಬತ್ತಿ, ಮುಂದಿನದು ಬೆಳೆಯುತ್ತದೆ. ಇವರಲ್ಲಿ ಹಿಂದಿನದು ಬತ್ತಲೇ ಇಲ್ಲ. ಬಹಳ ಅಪರೂಪ. ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಇದೇ ಮೊದಲು. ಇಷ್ಟು ವರ್ಷ ಈ ನಾಳದ ಮೇಲೆಯೇ ಕೂತಿದ್ದಾರೆ, ಎದ್ದಿದ್ದಾರೆ. ಒತ್ತಿ ಒತ್ತಿ ಅದರ ಗೋಡೆ ಉಬ್ಬಿ ಇಲ್ಲಿ ಚೀಲ ಕಟ್ಟಿದೆ. ಚೀಲದೊಳಗೆ ರಕ್ತ ಹೆಪ್ಪುಗಟ್ಟಿ ಕೂತಿತ್ತು. ಆ ಹೆಪ್ಪು ಒಡೆದು ಕೆಳಗೆ ಹೋಗಿ ಪಾದದ ನಾಳಗಳಲ್ಲಿ ಸಿಕ್ಕಿಕೊಂಡಿದೆ. ಮುಟ್ಟಿದರೆ ಈ ಚೀಲ ಬಡಿದುಕೊಳ್ಳುತ್ತದೆ. ಯಾರೂ ನೋಡಿಲ್ಲವೇ?"

ಪರದೆಯ ಮೇಲಿನ ಆ ಚೀಲವನ್ನು ನೋಡುತ್ತ ನಿಂತೆ. ನನ್ನ ಅಂಗಾಲು ಮತ್ತೆ ಬಡಿದುಕೊಂಡಿತು. ಸತ್ಯವಾಗಿ ಹೇಳುತ್ತೇನೆ, ಚಪ್ಪಲಿಯೊಳಗೆ, ಅದೇ ಜಾಗದಲ್ಲಿ. ಒಬ್ಬಳೇ ತಾಯಿಯ ಹೊಟ್ಟೆಯಲ್ಲಿ ನಾನು ತಿರುಗಬೇಕಾದ ಹೊತ್ತಿನಲ್ಲಿ ತಿರುಗದೆ ಕಾಲು ಮುಂದಾಗಿ ಬಂದೆ. ಅದೇ ಹೊಟ್ಟೆಯಲ್ಲಿ ಅವಳ ಕಾಲಿನ ರಕ್ತ ದಾರಿ ಬದಲಿಸಬೇಕಾದ ಹೊತ್ತಿನಲ್ಲಿ ಬದಲಿಸಲಿಲ್ಲ. ನನ್ನದನ್ನು ಊರೆಲ್ಲ ದೊಡ್ಡದು ಮಾಡಿತು. ಅವಳದು ಯಾರ ಕಣ್ಣಿಗೂ ಬೀಳದೆ ಬಡಿದುಕೊಳ್ಳುತ್ತಿತ್ತು. ಕಡೆಗೆ ನನ್ನ ಕಾಲಿಗೇ ಸಿಕ್ಕಿತು.

"ಪಾದ ಮರಗಟ್ಟಿದ್ದು ಎಷ್ಟು ಹೊತ್ತಿಗೆ? ಸರಿಯಾಗಿ ಹೇಳಿ," ಎಂದರು ಡಾಕ್ಟರು. "ಅದರ ಮೇಲೆ ಎಲ್ಲ ನಿಂತಿದೆ."

"ಮಧ್ಯಾಹ್ನ," ಅಂದ ತಂಗಿಯ ಗಂಡ. ಆತನಿಗೆ ಗೊತ್ತಿದ್ದದ್ದು ಅಷ್ಟೇ. ಅವಳು ಮನೆ ಮುಟ್ಟಿದ ಮೇಲೆಯೇ ಬಾಯಿ ಬಿಟ್ಟಿದ್ದಳು.

"ಹಾಗಾದರೆ ಇನ್ನೂ ಹೊತ್ತು ಮೀರಿಲ್ಲ," ಎಂದು ಡಾಕ್ಟರು ಎದ್ದರು. ಆಪರೇಷನ್ನಿನ ಕೋಣೆ ಸಿದ್ಧಮಾಡಲು ಹೇಳಿದರು. ಗಾಲಿಮಂಚದ ಮೇಲೆ ತಂಗಿಯನ್ನು ಕರೆದುಕೊಂಡು ಹೋದರು. ಬಾಗಿಲ ಹತ್ತಿರ ಅವಳು ಕೈ ಎತ್ತಿದಳು. ಯಾರಿಗೆ ಎತ್ತಿದಳೋ ತಿಳಿಯಲಿಲ್ಲ.

ನಾನು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಅವಳ ಗಂಡ. ನನ್ನ ತೊಡೆಯ ಮೇಲೆ ಚೀಲ. ಎಲ್ಲ ಅದರ ಮೇಲೆ ನಿಂತಿದೆ ಎಂದರಲ್ಲ ಡಾಕ್ಟರು. ಮಧ್ಯಾಹ್ನಕ್ಕೂ ಸೂರ್ಯ ಹುಟ್ಟಿದ ಹೊತ್ತಿಗೂ ಎಷ್ಟು ಅಂತರ ಎಂದು ನನಗೆ ಗೊತ್ತಿತ್ತು. ಒಳಗೆ ಮಲಗಿದ್ದ ತಂಗಿಯನ್ನು ಬಿಟ್ಟರೆ ಅದನ್ನು ಬಲ್ಲವನು ಇಡೀ ಆಸ್ಪತ್ರೆಯಲ್ಲಿ ನಾನೊಬ್ಬನೇ. ಚಪ್ಪಲಿ ಬಿದ್ದ ಹೊತ್ತಿಗೇ ಪಾದ ಸತ್ತಿತ್ತು. ಹೇಳಿದರೆ ಪಕ್ಕದಲ್ಲಿ ಕೂತವನು ಏನು ಮಾಡುತ್ತಾನೆ? ಕುಂಭಾರಿಯಲ್ಲಿ ನಾನು ಹೇಗೆ ಮುಖ ತೋರಿಸಲಿ? ಇಂಥ ಹೊತ್ತಿನಲ್ಲೂ ನನಗೆ ಬಂದ ಯೋಚನೆ ಅದು. ನನ್ನ ಬಗ್ಗೆ ನನಗೆ ಆದ ಆಘಾತ, ಆ ಚಿತ್ರ ನೋಡಿದಾಗಿನದಕ್ಕಿಂತ ದೊಡ್ಡದು.

ಡಾಕ್ಟರು ಹಸಿರು ಬಟ್ಟೆ ಹಾಕಿಕೊಂಡು ಬಾಗಿಲ ಹತ್ತಿರ ಬಂದರು. ಎದ್ದೆ. ಅಡ್ಡ ನಿಂತು, ಚೀಲದಿಂದ ಚಪ್ಪಲಿ ತೆಗೆದು ಅವರ ಮುಂದೆ ಹಿಡಿದೆ. ಆಪರೇಷನ್ನಿಗೆ ಹೊರಟವರ ಮುಂದೆ ಚಪ್ಪಲಿ ಹಿಡಿದ ಮುದುಕ. ನರ್ಸು ಓಡಿ ಬಂದು, "ಅಯ್ಯ, ಏನ್ ಮಾಡಾಕತ್ತೀರಿ ಅಜ್ಜಾ, ಸರೀರಿ," ಎಂದು ಕೈ ಹಿಡಿದು ಎಳೆದಳು.

"ಮಧ್ಯಾಹ್ನ ಅಲ್ಲ ಸಾಹೇಬ," ಎಂದೆ ಮರಾಠಿಯಲ್ಲಿ. "ಸೂರ್ಯ ಹುಟ್ಟುವಾಗ. ನಾನು ಆ ಗಂಟಿನ ಮೇಲೆ ಕಾಲಿಟ್ಟು ಒತ್ತಿದೆ. ಅದು ಬಡಿದುಕೊಳ್ಳುತ್ತಿತ್ತು, ನನಗೆ ತಿಳಿಯಿತು. ಆಮೇಲೆ ಈ ಚಪ್ಪಲಿ ಅವಳ ಕಾಲಿನಿಂದ ಬಿತ್ತು. ಬಿದ್ದದ್ದು ಅವಳಿಗೆ ತಿಳಿಯಲಿಲ್ಲ. ನಾನು ನೋಡಿದೆ. ಕರೆಯಲಿಲ್ಲ."

ಡಾಕ್ಟರು ಚಪ್ಪಲಿ ನೋಡಿದರು, ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. "ಇಡೀ ದಿನವೇ ಆಯಿತು ಹಾಗಾದರೆ," ಎಂದು ಒಳಗಿನವರ ಕಡೆ ತಿರುಗಿ, ಬರಿ ಹೆಪ್ಪು ತೆಗೆದರೆ ಆಗುವುದಿಲ್ಲ, ಮೀನಖಂಡವನ್ನೂ ಬಿಡಿಸಬೇಕು ಎಂದು ಇಂಗ್ಲಿಷು ಮರಾಠಿ ಕೂಡಿಸಿ ಹೇಳಿದರು. ಬಾಗಿಲು ಮುಚ್ಚಿತು.

ತಿರುಗಿ ನೋಡಿದರೆ ತಂಗಿಯ ಗಂಡ ಬೆಂಚಿನ ಮೇಲೆ ಇರಲಿಲ್ಲ. ವರಾಂಡದ ಆ ತುದಿಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತಿದ್ದ. ಅವತ್ತಿನಿಂದ ಆತ ನನ್ನೊಂದಿಗೆ ಮಾತು ಬಿಟ್ಟ.

ಆಪರೇಷನ್ ಆದಮೇಲೆ ಡಾಕ್ಟರು ನನ್ನನ್ನೇ ಕರೆದು ಹೇಳಿದರು. ಬಹಳ ಹೊತ್ತು ರಕ್ತವಿಲ್ಲದೆ ಇದ್ದ ಕಾಲಿಗೆ ಒಮ್ಮೆಲೇ ರಕ್ತ ಬಿಟ್ಟರೆ ಒಳಗಿನ ಮಾಂಸ ಉಬ್ಬಿ ತನ್ನನ್ನು ತಾನೇ ಹಿಸುಕಿ ಕೊಲ್ಲುತ್ತದಂತೆ. ಹೊತ್ತು ಗೊತ್ತಾದ್ದರಿಂದ ಮೀನಖಂಡದ ಚರ್ಮವನ್ನು ಉದ್ದಕ್ಕೆ ಸೀಳಿ ಜಾಗ ಮಾಡಿಟ್ಟರು. "ಹೇಳದೆ ಇದ್ದಿದ್ದರೆ ಮೊಣಕಾಲ ತನಕ ಹೋಗಬಹುದಿತ್ತು, ಕಾಕಾ. ಬೆಳಗ್ಗೆಯೇ ಹೇಳಿದ್ದರೆ ಏನೂ ಹೋಗುತ್ತಿರಲಿಲ್ಲ." ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ನಾನು ಎರಡನ್ನೂ ಹಾಗೆಯೇ ಇಟ್ಟುಕೊಂಡಿದ್ದೇನೆ. ಮೊದಲನೆಯದನ್ನು ಮಾತ್ರ ನೆನೆದು ಸಮಾಧಾನ ಮಾಡಿಕೊಳ್ಳುವ ಹಕ್ಕು ನನಗಿಲ್ಲ.

ಕೆಲವು ದಿನಗಳ ಮೇಲೆ ಎರಡನೇ ಆಪರೇಷನ್. ಬಲಗಾಲಿನ ಒಂದು ರಕ್ತನಾಳ ತೆಗೆದು ಎಡಗಾಲಿನಲ್ಲಿ ಮುಂದಿನಿಂದ ಹೊಸ ದಾರಿ ಮಾಡಿದರು. ಹಿಂದಿನ ಚೀಲವನ್ನು ಒಳಗಿನಿಂದಲೇ ಮುಚ್ಚಿದರು. ಕಾಲು ಉಳಿಯಿತು. ಬೆರಳು ಉಳಿಯಲಿಲ್ಲ. ಎಡಪಾದದ ಬೆರಳುಗಳು ಒಣಖರ್ಜೂರದ ಹಾಗೆ ಕಪ್ಪಾಗಿ ಮುದುಡಿದವು, ಅವನ್ನೆಲ್ಲ ತೆಗೆದರು. ಮೊದಲ ಸಲ ಪಟ್ಟಿ ಬಿಚ್ಚಿದಾಗ ನಾನು ಬಾಗಿಲಲ್ಲಿದ್ದೆ. ಹೊರಗೆ ಓಡಿಹೋದೆ.

ವಾರ್ಡಿನಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಆಗ ಕೇಳಿದೆ, "ಡಾಕ್ಟರ ಮುಂದ ಯಾಕ ಸುಳ್ಳು ಹೇಳಿದಿ? ಯಾರೂ ಒತ್ತಿಲ್ಲ ಅಂತ?"

"ನೀ ಹೇಳ್ತಿ ಅಂತ ಕಾದ್ನಿ," ಅಂದಳು. "ನೀ ಸುಮ್ಮ ಕುಂತಿ. ಮತ್ತ ನಾ ಹ್ಯಾಂಗ ಹೇಳಲಿ?"

ಆಮೇಲೆ ಚಪ್ಪಲಿಯ ಮಾತು ಹೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಎಲ್ಲೋ ಬಿಟ್ಟೆ ಅಂದುಕೊಂಡಿದ್ದಳು. ಅಂಗಳದಲ್ಲಿ ಬಿದ್ದದ್ದು, ಹೆಂಡತಿ ಕರೆಯಿರಿ ಅಂದದ್ದು, ನಾನು ಕಣ್ಣು ಬಿಟ್ಟದ್ದು, ಎಲ್ಲ ಹೇಳಿದೆ. ಅಷ್ಟು ಹೊತ್ತು ಚೇಷ್ಟೆ ಮಾಡುತ್ತಿದ್ದ ಮುಖ ಹಾಗೇ ಕಲ್ಲಾಯಿತು. ಕಿಟಕಿಯ ಕಡೆ ತಿರುಗಿದಳು.

"ಕರೀಬೇಕಿತ್ತಲ್ಲೋ ಅಣ್ಣಾ," ಅಂದಳು. "ನೀ ಕರದಿದ್ರ ನಾ ತಿರುಗಿ ನೋಡ್ತಿದ್ನಿ. ರೂಢಿ ಗೀಢಿ ಏನ್ ಮಾಡ್ತಿದ್ನಿ ತಗೊಂಡು?"



ಮನೆಗೆ ಬಂದಮೇಲೂ ರವಿವಾರ ಜನ ಬರುತ್ತಲೇ ಇದ್ದರು. ಮೆಟ್ಟುವುದಿಲ್ಲ ಅಂದೆ. ಯಾಕೆ ಅಂದವರಿಗೆ ನಡೆದದ್ದನ್ನು ಹೇಳಿದೆ. ಕೆಲವರು ನಂಬಲಿಲ್ಲ, ಆಟ ಹೂಡುತ್ತಾನೆ ಮುದುಕ, ದುಡ್ಡು ಬೇಕಾಗಿರಬೇಕು ಅಂದರು. ಒಬ್ಬ ಗೌಡರ ಮನೆಯವನು ಸಿಟ್ಟಾಗಿ ಎದ್ದು ಹೊರಟ. ಬಲಗಾಲು ಎಳೆಯುತ್ತಿದ್ದ. ಅಂಗಳ ದಾಟುತ್ತಿದ್ದವನನ್ನು ನಾನು ಹಿಂದಿನಿಂದ, ಇದ್ದಷ್ಟು ದನಿ ತೆಗೆದು, "ಏ ತಮ್ಮಾ, ತಿರುಗಿ ಬಾ ಇಲ್ಲಿ," ಎಂದು ಕೂಗಿದೆ. ಬಾಗಿಲಲ್ಲಿದ್ದ ಹೆಂಡತಿ ಗಕ್ಕನೆ ನನ್ನ ಕಡೆ ನೋಡಿದಳು. ಆತ ಬಂದ. ಕಟ್ಟೆಯ ಮೇಲೆ ಕೂಡಿಸಿ, ಅವನ ಪಾದ ಕೈಯಲ್ಲಿ ಹಿಡಿದು ನೋಡಿದೆ. ಬೆಚ್ಚಗಿತ್ತು. "ಮೆಟ್ಟಿಸ್ಕೊಳ್ಳೂದು ಬ್ಯಾಡ, ದವಾಖಾನಿಗಿ ಹೋಗು," ಎಂದು ಕಳಿಸಿದೆ. ಕರಿಕಂಬಳಿಯನ್ನು ದೇವರ ಕೋಣೆಯಲ್ಲಿ ಮಡಚಿಟ್ಟಿದ್ದೇನೆ.

ಗಾಯ ಮಾಯುವ ತನಕ ಬರಬೇಡ ಎಂದು ತಂಗಿಯೇ ಹೇಳಿಕಳಿಸಿದ್ದಳು. ಈಚೆಗೆ, ಬಾ ಎಂಬ ಮಾತು ಬಂತು. ಚಪ್ಪಲಿಯ ಚೀಲ ಹಿಡಿದುಕೊಂಡು ತಡವಳಕ್ಕೆ ಹೋದೆ. ಪಡಸಾಲೆಯಲ್ಲಿ ದಪ್ಪ ಗಾದಿಯ ಮೇಲೆ ಎಡಗಾಲು ಚಾಚಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಗಟ್ಟಿ ನೆಲದ ಮೇಲೆ ಕೂಡಬಾರದು ಎಂದಿದ್ದಾರಂತೆ. ಅವಳ ಗಂಡ ಹೊರಗೆ ಕುರಿಗೆ ನೀರಿಡುತ್ತಿದ್ದ. ನನ್ನನ್ನು ನೋಡಿದ, ಮತ್ತೆ ಬಕೀಟಿನ ಕಡೆ ತಿರುಗಿದ.

ಚಪ್ಪಲಿ ತೆಗೆದು ಅವಳ ಮುಂದಿಟ್ಟೆ.

"ಇದನ್ನ ಎಲ್ಲಿ ಹಾಕ್ಕೊಳ್ಳಲಿ? ನನ್ನ ಕಾಲು ಈಗ ಸಣ್ಣದಾಗೈತಿ," ಅಂದಳು. ನಗಲಿಲ್ಲ. ಮೊರ ಪಕ್ಕಕ್ಕಿಟ್ಟು, "ದಿನಾ ಎರಡ ಸಲ ಪಾದ ಬೆಚ್ಚಗ ಐತೋ ಇಲ್ಲೋ ನೋಡಬೇಕಂತ ಹೇಳ್ಯಾರ. ಮುಂಜಾನಿ ಇವರು ನೋಡ್ಯಾರ. ಈಗ ನೀ ನೋಡು," ಅಂದಳು.

ನಾನು ಎದ್ದು ಹತ್ತಿರ ಹೋದೆ.

"ಕೈಲೆ," ಅಂದಳು.

ಅವಳ ಮುಂದೆ ನೆಲದ ಮೇಲೆ ಕೂತೆ. ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ ನಮ್ಮಲ್ಲಿ. ಎರಡೂ ಕೈಯಿಂದ ಆ ಮೊಂಡಾದ ಪಾದವನ್ನು ಹಿಡಿದೆ. ಬೆರಳಿದ್ದ ಜಾಗದಲ್ಲಿ ಚರ್ಮ ನಯವಾಗಿ, ಹೊಸದಾಗಿ ಹೊಳೆಯುತ್ತಿತ್ತು. ಮೀನಖಂಡದ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತು. ಡಾಕ್ಟರು ತೋರಿಸಿಕೊಟ್ಟ ಹಾಗೆ ಪಾದದ ಮೇಲೆ ಬೆರಳಿಟ್ಟೆ. ಮೊದಲು ಏನೂ ಸಿಗಲಿಲ್ಲ. ಬೆರಳು ಸ್ವಲ್ಪ ಸರಿಸಿದೆ. ಇತ್ತು. ಸಣ್ಣಗೆ, ತಪ್ಪದೆ ಬಡಿದುಕೊಳ್ಳುತ್ತಿತ್ತು. ಅವತ್ತು ಅಂಗಾಲಿಗೆ ತಾಗಿದ್ದು ಇದೇ ರಕ್ತ.

ತಂಗಿ ನನ್ನ ತಲೆಯನ್ನು ನೋಡುತ್ತ ಕೂತಿದ್ದಳು.

ಹೊರಗೆ ಬಕೀಟಿನ ಸದ್ದು ನಿಂತಿತು. ಅವಳ ಗಂಡ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತ. ಎಷ್ಟೋ ದಿನಗಳ ಮೇಲೆ, ನನ್ನ ಕಡೆ ನೋಡದೆ, ನನ್ನನ್ನೇ ಕೇಳಿದ.

"ಬೆಚ್ಚಗ ಐತೇನ್ರಿ?"

"ಐತ್ರಿ," ಅಂದೆ. "ಬೆಚ್ಚಗೈತಿ."